ಕಾಳುಮೆಣಸಿನ ಚೀಲದಲ್ಲಿ ಕಾಣದ ರೋಗಾಣು: ನ್ಯಾನೋ ಸಂವೇದಕ ಏನು ಮಾಡಬಲ್ಲದು?

ಯಲ್ಲಾಪುರ ತಾಲೂಕಿನ ಮಾಗೋಡಿನಿಂದ ಶಿರಸಿ, ಸಿದ್ದಾಪುರಗಳವರೆಗಿನ ಅಡಿಕೆ ತೋಟಗಳಲ್ಲಿ ಕಾಳುಮೆಣಸು ಪ್ರಮುಖ ಉಪಬೆಳೆ. ಅಂಗಳದಲ್ಲಿ ಒಣಗಿ ಚೀಲ ಸೇರಿದ ಈ ಸರಕು ಶಿರಸಿ ಮಾರುಕಟ್ಟೆಯ ಮೂಲಕ ದೂರದ ಮಸಾಲೆ ಕಾರ್ಖಾನೆಗಳನ್ನೂ ರಫ್ತುದಾರರನ್ನೂ ತಲುಪುತ್ತದೆ. ತೇವಾಂಶ, ಕಾಳಿನ ತೂಕ, ಗಾತ್ರಗಳನ್ನು ನೋಡಿ ದರ ಕಟ್ಟುವುದು ಹಳೆಯ ರೂಢಿ. ದೊಡ್ಡ ಖರೀದಿದಾರರು ಇದರೊಂದಿಗೆ ಇನ್ನೊಂದು ಷರತ್ತನ್ನೂ ಮುಂದಿಡುತ್ತಾರೆ: 25 ಗ್ರಾಂ ಮಾದರಿಯಲ್ಲಿ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದೂ ಇರಕೂಡದು.

ಈ ಕಟ್ಟುನಿಟ್ಟಿಗೆ ಕಾರಣವಿದೆ. 2009–10ರಲ್ಲಿ ಅಮೆರಿಕದ 44 ರಾಜ್ಯಗಳಲ್ಲಿ 270ಕ್ಕೂ ಹೆಚ್ಚು ಜನರು ಸಾಲ್ಮೊನೆಲ್ಲಾ ಸೋಂಕಿಗೆ ತುತ್ತಾದರು. ಮಾಂಸದ ತಿನಿಸಿಗೆ ಲೇಪಿಸಿದ್ದ ಕಾಳುಮೆಣಸು ಮತ್ತು ಕೆಂಪು ಮೆಣಸಿನತ್ತ ತನಿಖೆ ಬೆರಳು ತೋರಿತು. ಚೆನ್ನಾಗಿ ಒಣಗಿದ ಪದಾರ್ಥದಲ್ಲಿ ಈ ರೋಗಾಣು ವೃದ್ಧಿಸದು. ಆದರೆ ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲದು.

ಪ್ರಯೋಗಾಲಯದ ರೂಢಿಯ ಕ್ರಮದಲ್ಲಿ ಮಾದರಿಯನ್ನು ಪೋಷಕ ದ್ರವದಲ್ಲಿಟ್ಟು ರೋಗಾಣುವನ್ನು ಬೆಳೆಸಿ, ಬೇರ್ಪಡಿಸಿ, ದೃಢಪಡಿಸಲು ನಾಲ್ಕೈದು ದಿನಗಳು ಬೇಕು. ಅಷ್ಟು ದಿನ ಸರಕು ಗೋದಾಮಿನಲ್ಲಿ, ಬಂಡವಾಳ ಸರಕಿನಲ್ಲಿ. ಈ ಅವಧಿಯನ್ನು ಕುಗ್ಗಿಸುವುದೇ ನ್ಯಾನೋ ಸಂವೇದಕಗಳ ಉದ್ದೇಶ.

ನ್ಯಾನೋಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಭಾಗ. ಕೆಲವು ಹತ್ತು ನ್ಯಾನೋಮೀಟರ್ ಗಾತ್ರದ ಚಿನ್ನದ ಕಣಗಳು ದ್ರವದಲ್ಲಿ ಕೆಂಪಾಗಿ ತೋರುತ್ತವೆ. ಅವುಗಳಿಗೆ ಸಾಲ್ಮೊನೆಲ್ಲಾವನ್ನು ಮಾತ್ರ ಹಿಡಿಯುವ ಪ್ರತಿಕಾಯಗಳನ್ನು ಅಂಟಿಸಿ ಕಾಗದದ ಪಟ್ಟಿಯಲ್ಲಿ ಇರಿಸಿದರೆ, ರೋಗಾಣುವಿದ್ದಾಗ ಕೆಂಪು ಗೆರೆ ಮೂಡುತ್ತದೆ. ಗರ್ಭಧಾರಣೆಯ ಪರೀಕ್ಷೆಗೆ ಔಷಧ ಅಂಗಡಿಯಲ್ಲಿ ದೊರೆಯುವ ಪಟ್ಟಿಯದೂ ಇದೇ ತತ್ತ್ವ. ಕಾಂತೀಯ ಕಣಗಳಿಂದ ರೋಗಾಣುಗಳನ್ನು ಒಂದೆಡೆ ಸೆಳೆಯುವ, ಇಂಗಾಲದ ನ್ಯಾನೋನಳಿಕೆಗಳಲ್ಲಿ ವಿದ್ಯುತ್ ಪ್ರವಾಹದ ವ್ಯತ್ಯಾಸವನ್ನು ಅಳೆಯುವ ವಿಧಾನಗಳೂ ಉಂಟು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದಲ್ಲಿ ನ್ಯಾನೋಕಣಗಳನ್ನು ಬಳಸಿ ಆಹಾರದ ಕಲ್ಮಷಗಳನ್ನು ಗುರುತಿಸುವ ಸಂಶೋಧನೆ ನಡೆದಿದೆ.

ಗೆರೆ ಮೂಡಲು ಹದಿನೈದು ನಿಮಿಷಗಳು ಸಾಕು ಎಂಬ ಪ್ರಚಾರ ಸುಳ್ಳಲ್ಲ, ಪೂರ್ಣಸತ್ಯವೂ ಅಲ್ಲ. ಇಂಥ ಪಟ್ಟಿಗೆ ಮಿಲಿಲೀಟರಿಗೆ ಸಾವಿರಾರು, ಎಷ್ಟೋ ಬಾರಿ ಲಕ್ಷಗಟ್ಟಲೆ ರೋಗಾಣುಗಳು ಬೇಕು. ನಿಯಮವಾದರೋ ಒಂದನ್ನೂ ಒಪ್ಪದು. ಆದ್ದರಿಂದ ಮಾದರಿಯನ್ನು ಸುಮಾರು ಒಂದು ದಿನ ಬೆಳೆಸಿಯೇ ಪರೀಕ್ಷಿಸಬೇಕಾಗುತ್ತದೆ. ಹಾಗಿದ್ದರೂ ಎರಡು ಮೂರು ದಿನಗಳ ಉಳಿತಾಯವೇನೂ ಅಲ್ಪವಲ್ಲ. ಮಸಾಲೆಯ ಬಣ್ಣ ಮತ್ತು ರಾಸಾಯನಿಕಗಳು ಪರೀಕ್ಷೆಗೆ ಅಡ್ಡಿಯಾಗುವುದುಂಟು. ಹಾಲಿನಲ್ಲಿ ಯಶಸ್ವಿಯಾದ ಉಪಕರಣ ಮೆಣಸಿನಲ್ಲಿ ಸೋಲಬಹುದು. ಹಲವು ಪಟ್ಟಿಗಳು ಸತ್ತ ರೋಗಾಣುವಿಗೂ ಗೆರೆ ತೋರುತ್ತವೆ. ರೋಗಾಣು ಚೀಲದ ಒಂದು ಮೂಲೆಯಲ್ಲಿದ್ದು ಮಾದರಿಯನ್ನು ಇನ್ನೊಂದು ಮೂಲೆಯಿಂದ ತೆಗೆದಲ್ಲಿ ಯಾವ ಸಂವೇದಕವೂ ನೆರವಾಗದು.

ಕೊಳ್ಳುವ ಮುನ್ನ ವರ್ತಕರು ವಿಚಾರಿಸಬೇಕಾದುದು ಇಷ್ಟು: ಉಪಕರಣವನ್ನು ಕಾಳುಮೆಣಸಿನಲ್ಲಿಯೇ ಪರೀಕ್ಷಿಸಲಾಗಿದೆಯೇ? ಕನಿಷ್ಠ ಎಷ್ಟು ರೋಗಾಣುಗಳನ್ನು ಅದು ಗುರುತಿಸುತ್ತದೆ? ಖರೀದಿದಾರ ಅದರ ಫಲಿತಾಂಶವನ್ನು ಒಪ್ಪುವನೇ? ಒಪ್ಪದಿದ್ದಲ್ಲಿ ಅದು ಮನೆಯ ಮಟ್ಟಿನ ಮುನ್ನೆಚ್ಚರಿಕೆ ಮಾತ್ರ. ಮಾನ್ಯತೆ ಪಡೆದ ಪ್ರಯೋಗಾಲಯದ ವರದಿಗೆ ಪರ್ಯಾಯವಲ್ಲ.

ಪಟ್ಟಿಯಲ್ಲಿ ಗೆರೆ ಮೂಡಿದ ಮೇಲೆ ಉಳಿಯುವುದು ಹಬೆಯ ಶುದ್ಧೀಕರಣದ ಖರ್ಚು ಅಥವಾ ನಷ್ಟ. ಸಗಣಿ ಸಾರಿಸಿದ ಅಂಗಳ, ಹಕ್ಕಿ-ಹಲ್ಲಿಗಳ ಹಿಕ್ಕೆ, ಇಲಿಗಳ ಓಡಾಟ, ಇವು ಸೋಂಕಿನ ಮೂಲಗಳಾಗಬಲ್ಲವು. ಬಿಡಿಸಿದ ಹಸಿ ಮೆಣಸನ್ನು ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ, ಶುಚಿಯಾದ ಹಾಸಿನ ಮೇಲೆ ಒಣಗಿಸಬೇಕೆಂದು ಸಂಬಾರ ಬೆಳೆ ತಜ್ಞರು ಸಲಹೆ ನೀಡುತ್ತಾರೆ. ಇದರಿಂದ ರೋಗಾಣುಗಳು ತಗ್ಗುತ್ತವೆ, ಕಾಳು ಬೇಗ ಒಣಗುತ್ತದೆ, ಬಣ್ಣವೂ ಸಮನಾಗಿ ಕಪ್ಪಾಗುತ್ತದೆ. ಬಣ್ಣಕ್ಕೆ ಮಾರುಕಟ್ಟೆಯಲ್ಲಿ ಬೆಲೆಯುಂಟು.