ಸಾಸಿವೆ ಡಬ್ಬಿಯ ನೋಟು, ರಿಸರ್ವ್ ಬ್ಯಾಂಕಿನ ಗೇಟು

ನಿಮ್ಮ ಠೇವಣಿಯ ಬಡ್ಡಿ ಕಡಿಮೆಯಾಗಿದೆಯೇ? ಬ್ಯಾಂಕಿನವರ ಮೇಲೆ ಸಿಟ್ಟಾಗುವ ಮುನ್ನ ಇದನ್ನಿಷ್ಟು ಓದಿ.

2025ರ ದೀಪಾವಳಿಯ ಮುಂದೆ ನಮ್ಮ ಅತ್ತೆಯವರ ಠೇವಣಿಯ ಅವಧಿ ಮುಗಿಯಿತು. ಟಿಕೋಟಾದ ಹೊಲದ ದ್ರಾಕ್ಷಿ ಒಣಗಿಸಿ, ಮನೂಕ ಮಾಡಿ ಮಾರಿದಾಗ ಅವರ ಪಾಲಿಗೆ ಬಂದ ಎರಡು ಲಕ್ಷ. ಅದರ ಬಡ್ಡಿಯಲ್ಲೇ ಅವರ ಬಿಪಿ ಗುಳಿಗೆ, ಮೊಮ್ಮಕ್ಕಳಿಗೆ ಹಬ್ಬದ ಬಟ್ಟೆ. ನವೀಕರಿಸಲು ಹೋದರೆ ಶೇ 7ರಷ್ಟಿದ್ದ ಬಡ್ಡಿ ಈಗ ಆರೂವರೆ ಅಂದರು. ಅಂದರೆ ವರ್ಷಕ್ಕೆ ಸಾವಿರ ರೂಪಾಯಿ ಕಡಿಮೆ. ‘ನನ್ನ ರೊಕ್ಕ, ನನ್ನ ಒಂದ್ ಮಾತ ಕೇಳದ ಬಡ್ಡಿ ಇಳಸ್ತಾರಂದ್ರ ಏನವಾ ಇದು?’ ಅಂತ ಬಸ್ಸಿನಲ್ಲಿ ಬರುವಾಗ ಉದ್ದಕ್ಕೂ ಒಂದೇ ಸಮ ಗೊಣಗಿದರು.

ಬಿ.ಎ.ಯಲ್ಲಿ ಅರ್ಥಶಾಸ್ತ್ರ ಓದಿದ್ದೇನೆ ಎನ್ನುವ ಒಂದೇ ಧೈರ್ಯದ ಮೇಲೆ ಅವರಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ.

ನಾವು ಬ್ಯಾಂಕಿಗೆ ಕೊಟ್ಟ ಹಣ ಅಲ್ಲಿನ ತಿಜೋರಿಯಲ್ಲಿ ನಮ್ಮ ಹೆಸರು ಬರೆದುಕೊಂಡು ಕೂತಿರುವುದಿಲ್ಲ. ಒಂದು ಲಕ್ಷ ಇಟ್ಟಿರಿ ಅನ್ನಿ. ಅದರಲ್ಲಿ ಮೂರು ಸಾವಿರವನ್ನು ಬ್ಯಾಂಕು ರಿಸರ್ವ್ ಬ್ಯಾಂಕಿನಲ್ಲಿ ಇಡಲೇಬೇಕು. ಇದೇ ನಗದು ಮೀಸಲು ಅನುಪಾತ, ಪತ್ರಿಕೆಗಳಲ್ಲಿ ಬರುವ ಸಿಆರ್‌ಆರ್. ಇದಕ್ಕೆ ಬ್ಯಾಂಕಿಗೆ ಒಂದು ಪೈಸೆಯೂ ಬಡ್ಡಿ ಸಿಗದು. ಇನ್ನು ಹದಿನೆಂಟು ಸಾವಿರದಷ್ಟು ಬಹುಪಾಲು ಸರ್ಕಾರಿ ಸಾಲಪತ್ರಗಳಲ್ಲಿ ಇರಬೇಕು. ಅದು ಎಸ್‌ಎಲ್‌ಆರ್. ಉಳಿದದ್ದು 79 ಸಾವಿರ. ಅದನ್ನು ಬಬಲೇಶ್ವರದ ಒಬ್ಬ ದ್ರಾಕ್ಷಿ ಬೆಳೆಗಾರ ಮನೂಕದ ಶೆಡ್ ಕಟ್ಟಲು ಸಾಲ ಪಡೆದ ಅಂತಿಟ್ಟುಕೊಳ್ಳಿ. ಅವನು ಕಬ್ಬಿಣ, ಬಲೆ ಕೊಂಡು ವಿಜಯಪುರದ ಅಂಗಡಿಯವರಿಗೆ ಕೊಟ್ಟ. ಅಂಗಡಿಯವರು ಅದನ್ನು ತಮ್ಮ ಖಾತೆಗೆ ಹಾಕಿದರು.

ಈಗ ಲೆಕ್ಕ ಹಾಕಿ. ನಿಮ್ಮ ಪಾಸ್‌ಬುಕ್ಕಿನಲ್ಲಿ ಒಂದು ಲಕ್ಷ ಹಾಗೇ ಇದೆ. ಅಂಗಡಿಯವರ ಪಾಸ್‌ಬುಕ್ಕಿನಲ್ಲಿ 79 ಸಾವಿರ. ಒಂದೇ ಒಂದು ಹೊಸ ನೋಟು ಅಚ್ಚಾಗಿಲ್ಲ, ಆದರೂ ಊರಲ್ಲಿ ಹಣ 1 ಲಕ್ಷದ 79 ಸಾವಿರ ಆಯ್ತು! ಆ 79 ಸಾವಿರದಲ್ಲೂ ಒಂದಿಷ್ಟು ತೆಗೆದಿಟ್ಟು ಬ್ಯಾಂಕು ಮತ್ತೆ ಸಾಲ ಕೊಡುತ್ತದೆ. ಹೀಗೆ ಸಾಲ ಕೊಟ್ಟಷ್ಟೂ ಹಣ ಹುಟ್ಟುತ್ತದೆ, ಸಾಲ ತೀರಿಸಿದಾಗ ಅಷ್ಟು ಕರಗುತ್ತದೆ. ಸಾಲ ಕೇಳುವವರೇ ಇಲ್ಲದಿದ್ದರೆ ಮಾತ್ರ ಈ ಸರಪಳಿ ಮೊದಲ ಕೊಂಡಿಯಲ್ಲೇ ನಿಂತುಬಿಡುತ್ತದೆ.

1990ರ ದಶಕದ ಆರಂಭದಲ್ಲಿ ಸಿಆರ್‌ಆರ್ ಶೇ 15, ಎಸ್‌ಎಲ್‌ಆರ್ ಶೇ 38.5ರವರೆಗೂ ಇದ್ದವು. ಲಕ್ಷಕ್ಕೆ 53,500 ಪಕ್ಕಕ್ಕೆ ಹೋಗಿ, ಸಾಲಕ್ಕೆ ಉಳಿಯುತ್ತಿದ್ದದ್ದು 46,500 ಮಾತ್ರ. ಆಗ ಬ್ಯಾಂಕ್ ಸಾಲಕ್ಕೆ ಅಪ್ಪಂದಿರು ಅಷ್ಟು ಸಲ ಯಾಕೆ ಓಡಾಡುತ್ತಿದ್ದರು ಅನ್ನುವುದಕ್ಕೆ ಇದೂ ಒಂದು ಕಾರಣ.

ನಮ್ಮ ಜಿಲ್ಲೆಯವರಿಗೆ ಆಲಮಟ್ಟಿಯ ಗೇಟು ಅಂದರೆ ಬೇಗ ತಿಳಿಯುತ್ತದೆ. ಗೇಟು ಎತ್ತಿದರೆ ಕಾಲುವೆಗೆ ನೀರು, ಇಳಿಸಿದರೆ ಬಂದ್. ರಿಸರ್ವ್ ಬ್ಯಾಂಕಿನ ಕೈಯಲ್ಲಿರುವುದೂ ಅಂಥದ್ದೇ ಗೇಟು.

ಈ ಗೇಟಿಗೂ ನಮ್ಮ ಅಡುಗೆಮನೆಗೂ ಏನು ಸಂಬಂಧ ಅಂತೀರಾ? 2023ರ ಮೇ 19 ನೆನಪಿಸಿಕೊಳ್ಳಿ. ಎರಡು ಸಾವಿರದ ನೋಟು ವಾಪಸ್ ಅಂತ ರಿಸರ್ವ್ ಬ್ಯಾಂಕ್ ಹೇಳಿದ ದಿನ. ಸಾಸಿವೆ ಡಬ್ಬಿ, ರೇಷ್ಮೆ ಸೀರೆಯ ಮಡಿಕೆ, ದೇವರ ಗೂಡು... ನಮ್ಮ ಮನೆಯಲ್ಲಂತೂ ಜೋಳದ ಹಿಟ್ಟಿನ ಡಬ್ಬಿಯ ತಳದಿಂದ ಮೂರು ನೋಟು ಹೊರಬಂದು, ಯಜಮಾನರು ಕಣ್ಣರಳಿಸಿದ್ದರು! ಆಗ ಚಲಾವಣೆಯಲ್ಲಿದ್ದ ಆ ನೋಟುಗಳ ಮೊತ್ತ 3.56 ಲಕ್ಷ ಕೋಟಿ ರೂಪಾಯಿ. ಅದರಲ್ಲಿ ಬಹುಪಾಲು ಖಾತೆಗಳಿಗೆ ಜಮಾ ಆಗಿ ಬ್ಯಾಂಕುಗಳಲ್ಲಿ ಹಣ ಉಕ್ಕಿತು. ಇಷ್ಟೆಲ್ಲ ಹಣ ಸಾಲವಾಗಿ ಹರಿದರೆ ಬೆಲೆ ಏರೀತು ಎಂದು ರಿಸರ್ವ್ ಬ್ಯಾಂಕ್ ಆಗಸ್ಟ್‌ನಲ್ಲಿ, ಮೇ 19ರಿಂದ ಜುಲೈ 28ರವರೆಗೆ ಹೆಚ್ಚಾದ ಠೇವಣಿಯ ಶೇ 10ರಷ್ಟನ್ನು ಹೆಚ್ಚುವರಿ ಮೀಸಲಾಗಿ ಇಡಿ ಎಂದಿತು. ಅಕ್ಟೋಬರ್ 7ರ ಹೊತ್ತಿಗೆ ಹಂತಹಂತವಾಗಿ ಅದನ್ನು ಬಿಟ್ಟುಕೊಟ್ಟಿತು. ಡಬ್ಬಿಯಲ್ಲಿ ಮಲಗಿದ್ದಾಗ ಯಾರಿಗೂ ಸಾಲವಾಗದ ನೋಟು, ಬ್ಯಾಂಕಿಗೆ ಕಾಲಿಟ್ಟ ಕೂಡಲೇ ಮುಂಬೈಯವರಿಗೂ ಚಿಂತೆ ಹಚ್ಚಿತು ನೋಡಿ.

ಬೆಲೆ ಏರಿದಾಗ ಗೇಟು ಇಳಿಯುತ್ತದೆ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾಗಿ ಸೂರ್ಯಕಾಂತಿ ಎಣ್ಣೆ ಪ್ಯಾಕೆಟ್ಟಿನ ಬೆಲೆ ಕೇಳಿ ಬೋಂಡಾ ಮಾಡುವುದನ್ನೇ ಬಿಟ್ಟಿದ್ದೆವಲ್ಲ? ಆ ಏಪ್ರಿಲ್‌ನಲ್ಲಿ ಹಣದುಬ್ಬರ ಶೇ 7.79. ಮೇ 4ರಂದು ರಿಸರ್ವ್ ಬ್ಯಾಂಕ್ ದಿಢೀರನೆ ರೆಪೊ ದರ ಏರಿಸಿತು, ಸಿಆರ್‌ಆರ್ ಅನ್ನು ಶೇ 4ರಿಂದ 4.5ಕ್ಕೆ ಒಯ್ದಿತು. (ಬ್ಯಾಂಕುಗಳಿಗೆ ರಿಸರ್ವ್ ಬ್ಯಾಂಕ್ ಕೊಡುವ ಅಲ್ಪಾವಧಿ ಸಾಲದ ಬಡ್ಡಿಯೇ ರೆಪೊ.) 2023ರ ಫೆಬ್ರುವರಿಗೆ ರೆಪೊ ಶೇ 6.5 ಮುಟ್ಟಿತು. ಮನೆ ಸಾಲದವರು ಬೆವರಿದರು, ಠೇವಣಿದಾರರು ನಕ್ಕರು. ಅತ್ತೆಯವರ ಶೇ 7 ಆಗಿನ ಕಾಲದ ಫಲ.

2025ರಲ್ಲಿ ಹಣದುಬ್ಬರ ಇಳಿಯಿತು, ಗೇಟು ಎದ್ದಿತು. ಫೆಬ್ರುವರಿಯಿಂದ ಡಿಸೆಂಬರ್‌ವರೆಗೆ ರೆಪೊ ಶೇ 6.5ರಿಂದ 5.25ಕ್ಕೆ ಬಂತು. ಸಿಆರ್‌ಆರ್ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗೆ ನಾಲ್ಕು ಕಂತಿನಲ್ಲಿ ಶೇ 4ರಿಂದ 3ಕ್ಕೆ. ಬ್ಯಾಂಕುಗಳ ಕೈಗೆ ಸುಮಾರು ಎರಡೂವರೆ ಲಕ್ಷ ಕೋಟಿ ರೂಪಾಯಿ ಬಂತು. ಹಣ ಹೇರಳವಾಗಿ, ಸಾಲದ ಬಡ್ಡಿಯೂ ಇಳಿದಾಗ ನಮ್ಮ ಠೇವಣಿಗೆ ಹೆಚ್ಚು ಬಡ್ಡಿ ಕೊಟ್ಟು ಕರೆಯುವ ದರ್ದು ಬ್ಯಾಂಕಿಗೆ ಎಲ್ಲಿದೆ?

ಅತ್ತೆಗೆ ಸಾವಿರ ಹೋಯಿತು ಸರಿ, ನಮ್ಮ ಮನೆ ಸಾಲದ ಕಂತು ಇಳಿಯಬೇಕಿತ್ತಲ್ಲ? ಇಳಿದಿರಲಿಲ್ಲ. ವಿಚಾರಿಸಿದರೆ, ಕಂತು ಹಾಗೇ ಇಟ್ಟು ಅವಧಿ ಕಡಿಮೆ ಮಾಡಿದ್ದರು. ಅದೂ ಲಾಭವೇ ಅನ್ನಿ, ಆದರೆ ನಮಗೆ ತಿಳಿದಿರಬೇಕಲ್ಲ. 2019ರ ಅಕ್ಟೋಬರ್‌ನಿಂದ ವಾಣಿಜ್ಯ ಬ್ಯಾಂಕುಗಳು ಚರ ಬಡ್ಡಿಯ ಹೊಸ ಮನೆ ಸಾಲಗಳನ್ನು ರೆಪೊದಂಥ ಹೊರಗಿನ ದರಕ್ಕೆ ಜೋಡಿಸಬೇಕು, ಮೂರು ತಿಂಗಳಿಗೊಮ್ಮೆಯಾದರೂ ಬಡ್ಡಿ ಬದಲಿಸಬೇಕು. ನಿಮ್ಮದು ಅದಕ್ಕಿಂತ ಹಳೆಯ ಸಾಲವಾದರೆ ಬದಲಾಯಿಸಿಕೊಡಿ ಅಂತ ಕೇಳಿ. ಗ್ರಾಮೀಣ ಮತ್ತು ಸಹಕಾರಿ ಬ್ಯಾಂಕು, ಗೃಹಸಾಲ ಕಂಪನಿಗಳಿಗೆ ಈ ನಿಯಮ ಇಲ್ಲ. ಅಲ್ಲಿ ಸಾಲ ಇದ್ದವರು ಬಡ್ಡಿ ಎಷ್ಟೆಂದು ತಾವಾಗಿಯೇ ಹೋಗಿ ಕೇಳುವುದು ಒಳ್ಳೆಯದು.

ಇಷ್ಟೆಲ್ಲ ಕೇಳಿದ ಮೇಲೂ ಅತ್ತೆಯವರ ಮನಸ್ಸು ಬೇರೆ ಕಡೆ ಇತ್ತು. ಓಣಿಯ ಹೆಂಗಸರು ಒಂದು ಸೊಸೈಟಿಯಲ್ಲಿ ಶೇ 10ರ ಬಡ್ಡಿ ಕೊಡ್ತಾರೆ ಅಂದಿದ್ದರಂತೆ. ನನಗೆ ಎದೆ ಧಸಕ್ ಅಂತು. ಬಡ್ಡಿ ಇಳಿದಾಗಲೇ ಹೀಗೆ ಜಾಸ್ತಿ ಬಡ್ಡಿಯ ಕಡೆ ಕಾಲೆಳೆಯುವುದು. ಬ್ಯಾಂಕಾದರೆ, ನಗರ ಸಹಕಾರಿ ಬ್ಯಾಂಕೂ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಸಹಿತ ಐದು ಲಕ್ಷದವರೆಗೆ ಠೇವಣಿ ವಿಮೆ ಇದೆ. 2020ರ ಫೆಬ್ರುವರಿಗೆ ಮೊದಲು ಒಂದೇ ಲಕ್ಷ ಇತ್ತು. ಪತ್ತಿನ ಸಹಕಾರಿ ಸಂಘಗಳಿಗೆ, ಸೌಹಾರ್ದಗಳಿಗೆ ಈ ವಿಮೆ ಇಲ್ಲ. ಎಲ್ಲವೂ ಕೆಟ್ಟವೆಂದು ನಾನು ಹೇಳುವುದಿಲ್ಲ. ಆದರೆ ಮುಳುಗಿದರೆ ಎತ್ತುವವರು ಯಾರು ಅಂತ ಅತ್ತೆಯವರನ್ನು ಕೇಳಿದೆ.

ಅವರು ರಾತ್ರಿಯೆಲ್ಲ ಯೋಚಿಸಿದರು. ಮರುದಿನ ಬ್ಯಾಂಕಿಗೆ ಹೋಗಿ ಒಂದು ಲಕ್ಷ ಒಂದು ವರ್ಷಕ್ಕೆ, ಇನ್ನೊಂದು ಲಕ್ಷ ಮೂರು ವರ್ಷಕ್ಕೆ ಹಾಕಿಸಿದರು. ಹಿರಿಯ ನಾಗರಿಕರಿಗೆ ಸಿಗುವ ಹೆಚ್ಚಿನ ಬಡ್ಡಿಯನ್ನು ಕೇಳಲು ಮರೆಯಬಾರದೆಂದು ಆಧಾರ್ ಕಾರ್ಡನ್ನೂ ಸೆರಗಿಗೆ ಕಟ್ಟಿಕೊಂಡು ಹೋಗಿದ್ದರು.