ನರ್ಸಿಂಗ್ ಹೋಮಿನಿಂದ ಸೋಂಕು ಮನೆಗೆ ಬಾರದಿರಲಿ

ಶ್ರೀನಿವಾಸಪುರದ ಕಡೆಯ ಹಳ್ಳಿಯಿಂದ ನಿಮ್ಮ ತಂದೆಯವರನ್ನು ಹರ್ನಿಯಾ ಆಪರೇಷನ್ನಿಗೆಂದು ಹತ್ತಿಪ್ಪತ್ತು ಹಾಸಿಗೆಗಳ ಒಂದು ನರ್ಸಿಂಗ್ ಹೋಮಿಗೆ ಸೇರಿಸಿದ್ದೀರಿ ಎಂದಿಟ್ಟುಕೊಳ್ಳಿ. ಆಪರೇಷನ್ ಚೆನ್ನಾಗಿಯೇ ಆಗುತ್ತದೆ. ರಾತ್ರಿ ಮಂಚದ ಪಕ್ಕ ಚಾಪೆ ಹಾಸಿ ನೀವು ಮಲಗುತ್ತೀರಿ. ಸಂಜೆ ಊರಿನಿಂದ ಬಂದ ನೆಂಟರು ರೋಗಿಯ ಮಂಚದ ಮೇಲೆಯೇ ಕುಳಿತು ಮಾತನಾಡುತ್ತಾರೆ. ಪಕ್ಕದ ಹಾಸಿಗೆಯವರಿಗೆ ಎರಡು ದಿನದಿಂದ ಜ್ವರ, ಕೆಮ್ಮು. ಮನೆಗೆ ಬಂದ ನಾಲ್ಕೇ ದಿನಕ್ಕೆ ತಂದೆಯವರಿಗೂ ಕೆಮ್ಮು ಶುರುವಾಗುತ್ತದೆ.

ಸಾಮಾನ್ಯ ದಿನಗಳಲ್ಲಿ ಇದು ಒಂದು ಮನೆಯ ಕಷ್ಟ. ಸಾಂಕ್ರಾಮಿಕ ರೋಗದ ಕಾಲದಲ್ಲಿ ಇಡೀ ತಾಲ್ಲೂಕಿನ ಕಷ್ಟ. 2020ರ ಮೇ ಮೊದಲ ವಾರದವರೆಗೆ ಕೋಲಾರ ಜಿಲ್ಲೆ ಹಸಿರು ವಲಯದಲ್ಲಿತ್ತು. ಮೇ 12ರಂದು ಮುಳಬಾಗಿಲು ತಾಲ್ಲೂಕಿನಲ್ಲಿ ಕೊರೊನಾದ ಮೊದಲ ಪ್ರಕರಣಗಳು ಕಂಡವು. ಅಚ್ಚರಿಯೇನಿಲ್ಲ. ಮುಳಬಾಗಿಲು ಆಂಧ್ರದ ಗಡಿಯ ಹೆದ್ದಾರಿಯಲ್ಲಿದೆ, ಮಾಲೂರಿನ ಕಾರ್ಖಾನೆಗಳಿಗೆ ಎಲ್ಲೆಲ್ಲಿಂದಲೋ ಜನ ಬರುತ್ತಾರೆ, ಮಾವಿನ ಸುಗ್ಗಿಯಲ್ಲಿ ಶ್ರೀನಿವಾಸಪುರದ ಮಂಡಿಗಳಿಗೆ ಹೊರರಾಜ್ಯದ ಲಾರಿಗಳು ಬಂದು ನಿಲ್ಲುತ್ತವೆ. ಜ್ವರ ಬಂದವರಲ್ಲಿ ಹಲವರು ಮೊದಲು ಹೋಗುವುದು ಹತ್ತಿರದ ಕ್ಲಿನಿಕ್ಕಿಗೆ, ನರ್ಸಿಂಗ್ ಹೋಮಿಗೆ.

ಇಂಥ ಕಡೆ ಸೋಂಕು ಹೇಗೆ ಹರಡುತ್ತದೆ ಎಂಬುದಕ್ಕೆ 2001ರಲ್ಲಿ ಪಶ್ಚಿಮ ಬಂಗಾಳದ ಸಿಲಿಗುರಿಯಲ್ಲಿ ನಡೆದದ್ದೇ ಸಾಕ್ಷಿ. ಅಲ್ಲಿ 66 ಮಂದಿಗೆ ವಿಚಿತ್ರ ಜ್ವರ ಬಂದು ಬಹುಪಾಲು ಜನ ಸತ್ತರು. ರೋಗ ತಗುಲಿದವರಲ್ಲಿ ಮುಕ್ಕಾಲು ಪಾಲು ಆಸ್ಪತ್ರೆಗಳ ಸಿಬ್ಬಂದಿ ಇಲ್ಲವೇ ರೋಗಿಯನ್ನು ನೋಡಲು ಬಂದವರು! ಅದು ನಿಫಾ ಎಂದು ತಿಳಿದದ್ದು ವರ್ಷಗಳ ನಂತರ. ರೋಗದ ಹೆಸರು ಗೊತ್ತಾಗುವ ತನಕ ಕಾದು ಆಮೇಲೆ ಎಚ್ಚರ ವಹಿಸುತ್ತೇವೆ ಎಂದರೆ ಆಗದು. ಮುಂದಿನ ಪಿಡುಗು ಯಾವುದೇ ಇರಲಿ, ಅದನ್ನು ತಡೆಯುವುದು ಇಂದಿನ ಅಭ್ಯಾಸವೇ.

ಆ ಅಭ್ಯಾಸ ಶುರುವಾಗುವುದು ನಲ್ಲಿಯಿಂದ. ಬೋರ್‌ವೆಲ್ ಬತ್ತಿ ಟ್ಯಾಂಕರ್ ನೀರನ್ನೇ ನಂಬಿರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ವಾರ್ಡಿನೊಳಗೆ ಕೈತೊಳೆಯಲು ನೀರು, ಸೋಪು ಇದೆಯೇ ನೋಡಿ. ಸೋಪಿನಿಂದಾದರೆ 40ರಿಂದ 60 ಸೆಕೆಂಡು ಉಜ್ಜಬೇಕು, ಸ್ಪಿರಿಟ್ಟಿನ ದ್ರಾವಣವಾದರೆ 20ರಿಂದ 30 ಸೆಕೆಂಡು ಸಾಕು. ಪ್ರತಿ ರೋಗಿಯನ್ನು ಮುಟ್ಟುವ ಮೊದಲೂ ಮುಟ್ಟಿದ ಮೇಲೂ ಇದು ಆಗಬೇಕು. ಗ್ಲೌಸ್ ಹಾಕಿದ ದಾದಿಯನ್ನು ಕಂಡು ನಮಗೆಲ್ಲ ಸಮಾಧಾನ. ಆದರೆ ಒಂದೇ ಜೊತೆ ಗ್ಲೌಸಿನಲ್ಲಿ ಐದು ಹಾಸಿಗೆ ಸುತ್ತಿದರೆ ಅದಕ್ಕಿಂತ ತೊಳೆದ ಬರಿಗೈ ಎಷ್ಟೋ ಮೇಲು.

ನೆಲ ಒರೆಸುವ ಬ್ಲೀಚಿಂಗ್ ದ್ರಾವಣವನ್ನು ದಿನವೂ ಹೊಸದಾಗಿ ಕಲಸಬೇಕು, ಹಳತಾದಂತೆ ಅದರ ಶಕ್ತಿ ಕುಂದುತ್ತದೆ. ಆಕ್ಸಿಜನ್ ಕೊಡುವಾಗ ಗುಳ್ಳೆ ಏಳುವ ಬಾಟಲಿಗೆ ನಲ್ಲಿ ನೀರು ಸಲ್ಲದು, ಶುದ್ಧೀಕರಿಸಿದ ನೀರನ್ನೇ ಹಾಕಿ ದಿನವೂ ಬದಲಿಸಬೇಕು. ಜ್ವರ, ಕೆಮ್ಮಿನವರನ್ನು ಬೇರೆ ಕೋಣೆಯಲ್ಲಿಡಬೇಕು, ಕಿಟಕಿ ತೆರೆದಿರಬೇಕು. 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳಂತೆ ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು ಹಳದಿ ಚೀಲಕ್ಕೆ, ಡ್ರಿಪ್ಸಿನ ಕೊಳವೆ ಕೆಂಪು ಚೀಲಕ್ಕೆ, ಸೂಜಿ ಚುಚ್ಚದಂಥ ಬಿಳಿ ಡಬ್ಬಿಗೆ ಹೋಗಬೇಕು. ಆಸ್ಪತ್ರೆಯ ಹಿಂದಿನ ತಿಪ್ಪೆಯಲ್ಲಿ ಸಿರಿಂಜು ಕಂಡಿತೆಂದರೆ ಒಳಗಿನ ಶಿಸ್ತನ್ನು ನೀವೇ ಊಹಿಸಬಹುದು.

ಇದನ್ನೆಲ್ಲ ನೋಡುವವರು ಯಾರು? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಅಧಿನಿಯಮ 2007ರದು, 2017ರಲ್ಲಿ ತಿದ್ದುಪಡಿಯಾಯಿತು. ನೋಂದಣಿ ಇಲ್ಲದೆ ನರ್ಸಿಂಗ್ ಹೋಂ ನಡೆಸುವಂತಿಲ್ಲ. ನೋಂದಣಿಯನ್ನೂ ದೂರುಗಳನ್ನೂ ನೋಡಿಕೊಳ್ಳುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯವರು ಅಧ್ಯಕ್ಷರು, ಜಿಲ್ಲಾ ಆರೋಗ್ಯಾಧಿಕಾರಿಯವರು ಸದಸ್ಯ ಕಾರ್ಯದರ್ಶಿ. ಸಾಂಕ್ರಾಮಿಕ ರೋಗ ಇತರರಿಗೆ ಹರಡದಂತೆ ತಡೆಯುವುದು, ಕೂಡಲೇ ಅಧಿಕಾರಿಗಳಿಗೆ ತಿಳಿಸುವುದು ಖಾಸಗಿ ಆಸ್ಪತ್ರೆಯ ಕರ್ತವ್ಯವೆಂದು ಕಾನೂನೇ ಹೇಳುತ್ತದೆ.

ತಿಳಿಸಿದರೆ ಹೆಸರು ಕೆಡುತ್ತದೆ, ಹಾಸಿಗೆಗಳು ಖಾಲಿಯಾಗುತ್ತವೆ ಎಂಬ ಅಂಜಿಕೆ ಸಣ್ಣ ಆಸ್ಪತ್ರೆಗಳಿಗೆ ಇರುವುದು ಸಹಜ. ಸಾಲ ಮಾಡಿ ಕಟ್ಟಡ ಎಬ್ಬಿಸಿದ ವೈದ್ಯರ ಕಷ್ಟವೂ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟರೆ ಮೊದಲು ಹಾಸಿಗೆ ಹಿಡಿಯುವವರು ಅವರದೇ ದಾದಿಯರು, ಆಯಾಗಳು. ಜ್ವರ ಬಂದ ಸಿಬ್ಬಂದಿಗೆ ಸಂಬಳ ಕಡಿಯದೆ ರಜೆ ಕೊಡುವ ಆಸ್ಪತ್ರೆಯನ್ನು ನಾನಂತೂ ಹೆಚ್ಚು ನಂಬುತ್ತೇನೆ.

ಅಧಿಕಾರಿಗಳು ತಪಾಸಣೆಗೆ ಬರುವುದು ಎಂದೋ ಒಮ್ಮೆ, ವಾರ್ಡಿನಲ್ಲಿ ಹಗಲಿರುಳು ಇರುವವರು ನೀವು. ಸೇರಿಸುವ ದಿನವೇ ನೋಂದಣಿ ಪತ್ರ ಎಲ್ಲಿದೆ ನೋಡಿ. ಜ್ವರದ ರೋಗಿಗಳನ್ನು ಎಲ್ಲಿ ಮಲಗಿಸುತ್ತೀರಿ ಎಂದು ಕೇಳಿ. ಕೇಳಲು ಸಂಕೋಚವೆನಿಸಿದರೆ ಹಿರಿಯ ದಾದಿಯನ್ನು ಪಕ್ಕಕ್ಕೆ ಕರೆದು ವಿಚಾರಿಸಿ, ಅವರು ಬೇಸರಪಡುವುದು ಕಡಿಮೆ. ಸರಿಯಾದ ಉತ್ತರ ಸಿಗದೆ ತಪ್ಪು ಕಣ್ಣಿಗೆ ಕಂಡರೆ, ದಿನಾಂಕ ಹಾಕಿ ಜಿಲ್ಲಾ ಆರೋಗ್ಯಾಧಿಕಾರಿಗಳ ಕಚೇರಿಗೆ ಬರೆದುಕೊಡಿ, ಒಂದು ಪ್ರತಿ ನಿಮ್ಮಲ್ಲಿರಲಿ.

ನಿಮ್ಮ ಪಾಲಿನದೂ ಇದೆ. ರೋಗಿಯ ಜೊತೆ ಒಬ್ಬರೇ ಇರಿ, ಆ ಒಬ್ಬರು ಮಾಸ್ಕ್ ಧರಿಸಲಿ. ಶೀತ, ಜ್ವರ ಇರುವವರು, ಪುಟ್ಟ ಮಕ್ಕಳು ವಾರ್ಡಿಗೆ ಬರುವುದು ಬೇಡ. ಊರಿನ ನೆಂಟರಿಗೆ ಫೋನಿನಲ್ಲಿಯೇ ಕ್ಷೇಮ ತಿಳಿಸಿ, ತಂದೆಯವರು ಮನೆಗೆ ಬಂದು ಹೊಲಿಗೆ ಬಿಚ್ಚಿದ ಮೇಲೆ ಎಲ್ಲರೂ ಬಂದು ನೋಡಲಿ.