ಅಗ್ಗದ ರೋಮನ್ ನಾಣ್ಯಗಳು

ರೋಮನ್ ನಾಣ್ಯವೆಂದೊಡನೆ ಅರಸರ ಭಂಡಾರವೇ ನೆನಪಿಗೆ ಬರುವುದು ಸಹಜ. ಆದರೆ ಕ್ರಿ. ಶ. 4ನೆಯ ಶತಮಾನದ ಸಣ್ಣ ತಾಮ್ರದ ನಾಣ್ಯಗಳು ಲೆಕ್ಕವಿಲ್ಲದಷ್ಟು ಅಚ್ಚಾದುದರಿಂದ ಇಂದಿಗೂ ಅಗ್ಗ. ಉಡುಪಿಯ ಉಪಾಧ್ಯಾಯರ ಸಂಬಳಕ್ಕೂ ಎಟುಕತಕ್ಕವು.

ಗುರುತಿಸಲು ಮೊದಲು ಚಕ್ರವರ್ತಿಯ ತಲೆಯನ್ನು ನೋಡಬೇಕು. ಎಲೆಯ ಮಾಲೆಯಿದ್ದರೆ ಪ್ರಾಯಶಃ ಹಿಂದಿನ ಕಾಲ. ಮುತ್ತಿನ ಪಟ್ಟಿಯಿದ್ದರೆ ಕಾನ್‌ಸ್ಟಂಟೈನನ ಕೊನೆಯ ವರ್ಷಗಳು ಅಥವಾ ಅನಂತರದ್ದು. ಹಿಂಬದಿಯ ತಳದಲ್ಲಿ ಟಂಕಸಾಲೆಯ ಗುರುತುಂಟು: ಎ, ಎಲ್, ಇ ಎಂಬ ಅಕ್ಷರಗಳಿದ್ದರೆ ಅಲೆಕ್ಸಾಂಡ್ರಿಯ. ಇವೆಲ್ಲ ಹಸುರುಗಟ್ಟಿದ ಮೇಲ್ಪದರದಲ್ಲಿಯೇ ಉಳಿದಿರುವುದರಿಂದ, ದೇವರ ಪಾತ್ರೆಗಳಂತೆ ಹುಣಿಸೆಹಣ್ಣು ಹಾಕಿ ತಿಕ್ಕಿದರೆ ಚಕ್ರವರ್ತಿಯೂ ಹೋದ, ಊರೂ ಹೋಯಿತು!

ಅಂಗಡಿಯಲ್ಲಿ ಕೊಂಡ ನಾಣ್ಯ ಯಾವ ಮಣ್ಣಿನಿಂದ ಬಂದಿತೆಂಬುದು ಮಾತ್ರ ಸಾಮಾನ್ಯವಾಗಿ ತಿಳಿಯದು. ಅದೇ ದೊಡ್ಡ ನಷ್ಟವೆಂದು ನನ್ನ ಅಭಿಪ್ರಾಯ. 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ದೊರೆತುವು. ಆದರೆ 1947ರಲ್ಲಿ ಮಾರ್ಟಿಮರ್ ವ್ಹೀಲರ್ ಅವರು ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ಅಗೆಸಿದಾಗ ಸಿಕ್ಕ ಟೈಬೀರಿಯಸನ ಒಂದೇ ಬೆಳ್ಳಿ ನಾಣ್ಯದ ಉಪಕಾರ ಬೇರೆ ಬಗೆಯದು. ಆತ ಆಳಿದ್ದು 14ರಿಂದ 37ರವರೆಗೆ. ಆದುದರಿಂದ ಅದು ಬಿದ್ದಿದ್ದ ಪದರ ಅದಕ್ಕಿಂತ ಹಿಂದಿನದಾಗಲಾರದು. ಜೊತೆಗಿದ್ದ ಶಾತವಾಹನರ ಕಾಲದ ಮಡಕೆಯ ಚೂರುಗಳಿಗೂ ಕಾಲನಿರ್ಣಯಕ್ಕೆ ಆಧಾರ ದೊರಕಿತು. ಅದೇ ನಾಣ್ಯ ಅಕ್ಕಸಾಲಿಗನ ಮೂಸೆಗೆ ಬಿದ್ದಿದ್ದರೆ ನಾಲ್ಕು ಗ್ರಾಮಿಗೂ ಕಡಿಮೆ ಬೆಳ್ಳಿ, ಅಷ್ಟೆ.

ಕಾಪುವಿನ ತೋಟದಲ್ಲಾಗಲಿ ಕಾರ್ಕಳದ ಗದ್ದೆಯಲ್ಲಾಗಲಿ ಹಳೆಯ ನಾಣ್ಯ ಕಂಡರೆ ಉಜ್ಜಬೇಡಿ. ಎಲ್ಲಿ, ಎಷ್ಟು ಆಳದಲ್ಲಿ, ಯಾವ ವಸ್ತುಗಳ ಜೊತೆಯಲ್ಲಿತ್ತೆಂದು ಬರೆದಿಟ್ಟುಕೊಂಡು ಜಿಲ್ಲಾಧಿಕಾರಿಗಳಿಗೆ ತಿಳಿಸತಕ್ಕದ್ದು.